ಸಮ್ಮತಿಯೂ ಸತ್ಯವೂ: ಸುಳ್ಳುಪತ್ತೆ ಯಂತ್ರದ ಪ್ರಾಮಾಣ್ಯವನ್ನು ಕುರಿತು ಒಂದು ವಿಮರ್ಶೆ

ನಮ್ಮ ರಾಜ್ಯದಿಂದ ಹೊರಟು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ, ಇಡೀ ದೇಶಕ್ಕೆ ಅನ್ವಯಿಸುವ ನಿಯಮವನ್ನು ಹುಟ್ಟಿಸಿದ ಮೊಕದ್ದಮೆಗಳಲ್ಲಿ ‘ಸೆಲ್ವಿ ಮತ್ತು ಇತರರು ವಿರುದ್ಧ ಕರ್ನಾಟಕ ರಾಜ್ಯ’ ಎಂಬುದು ಮುಖ್ಯವಾದುದು. ೨೦೧೦ನೆಯ ಇಸವಿ ಮೇ ೫ರಂದು ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್, ನ್ಯಾಯಮೂರ್ತಿ ಆರ್. ವಿ. ರವೀಂದ್ರನ್, ನ್ಯಾಯಮೂರ್ತಿ ಜೆ. ಎಂ. ಪಾಂಚಾಲ್ ಇವರಿದ್ದ ಪೀಠವು ಇದರಲ್ಲಿ ತೀರ್ಪು ನೀಡಿತು. ಮಂಪರು ಪರೀಕ್ಷೆ, ಮೆದುಳಿನ ವಿದ್ಯುತ್ ಪರೀಕ್ಷೆ ಮತ್ತು ಪಾಲಿಗ್ರಾಫ್ ಅಥವಾ ಸುಳ್ಳುಪತ್ತೆ ಪರೀಕ್ಷೆ ಈ ಮೂರನ್ನೂ ಯಾರ ಮೇಲೂ ಅವರ ಸಮ್ಮತಿಯಿಲ್ಲದೆ ನಡೆಸಕೂಡದೆಂದು ಆ ತೀರ್ಪು ವಿಧಿಸಿತು.

ಈ ತೀರ್ಪನ್ನು ಕುರಿತು ನಮ್ಮ ಭಾಗದ ಕಾಲೇಜುಗಳಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿರುವಂತೆ ಕಾಣುತ್ತದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ‘ಸುಳ್ಳುಪತ್ತೆ ಯಂತ್ರವು ಅವೈಜ್ಞಾನಿಕವೆಂದು ನ್ಯಾಯಾಲಯವು ತಳ್ಳಿಹಾಕಿತು’ ಎಂದು ಬರೆಯುವುದುಂಟು. ವಿದ್ಯಾರ್ಥಿಗಳನ್ನು ಮಾತ್ರ ಇಲ್ಲಿ ಆಕ್ಷೇಪಿಸಿ ಫಲವಿಲ್ಲ. ಕಲಿಸುವವರ ಟಿಪ್ಪಣಿಗಳಲ್ಲಿಯೂ ಈ ವಾಕ್ಯವೇ ಇರುವುದನ್ನು ನೋಡಬಹುದು. ವಾಸ್ತವದಲ್ಲಿ ನ್ಯಾಯಾಲಯವು ತಳ್ಳಿಹಾಕಿದುದು ಬಲಾತ್ಕಾರವನ್ನು, ಯಂತ್ರವನ್ನಲ್ಲ. ಆಪಾದಿತನು ಒಪ್ಪಿದರೆ ಯಂತ್ರವು ಇಂದಿಗೂ ಅವನ ತೋಳಿಗೆ ಪಟ್ಟಿ ಕಟ್ಟಬಹುದು. ಸಮ್ಮತಿಯೆಂಬುದು ಬಲಾತ್ಕಾರದ ದೋಷವನ್ನು ಕಳೆಯಬಲ್ಲದೇ ಹೊರತು ಪರೀಕ್ಷೆಯ ಸುಳ್ಳನ್ನು ಕಳೆಯಲಾರದೆಂಬುದೂ, ಈ ಎರಡನ್ನೂ ಬೇರ್ಪಡಿಸದೆ ಬಿಟ್ಟುದೇ ಸೆಲ್ವಿ ತೀರ್ಪಿನ ಕೊರತೆಯೆಂಬುದೂ ಈ ಲೇಖನದ ಪ್ರತಿಪಾದನೆ.

ಮೊದಲು ಯಂತ್ರವು ಏನನ್ನು ಅಳೆಯುತ್ತದೆಂಬುದನ್ನು ನೋಡೋಣ. ಎದೆಗೂ ಹೊಟ್ಟೆಗೂ ಸುತ್ತಿದ ಕೊಳವೆಗಳು ಉಸಿರಾಟದ ಏರಿಳಿತವನ್ನು, ತೋಳಿನ ಪಟ್ಟಿಯು ರಕ್ತದೊತ್ತಡವನ್ನೂ ನಾಡಿಯನ್ನೂ, ಬೆರಳ ತುದಿಗೆ ತೊಡಿಸಿದ ಲೋಹದ ತಗಡುಗಳು ಬೆವರಿನಿಂದ ಚರ್ಮದ ವಿದ್ಯುದ್ವಾಹಕತೆಯಲ್ಲಾಗುವ ವ್ಯತ್ಯಾಸವನ್ನು ಗುರುತಿಸುತ್ತವೆ. ಇವೆಲ್ಲವೂ ನಮ್ಮ ಇಚ್ಛೆಗೆ ಬಹುಮಟ್ಟಿಗೆ ಒಳಪಡದ ಸ್ವಾಯತ್ತ ನರಮಂಡಲದ ಕೆಲಸಗಳು. ಭಯ, ಕೋಪ, ನಾಚಿಕೆ, ಅಪಮಾನ, ಆಶ್ಚರ್ಯ, ಲೆಕ್ಕ ಮಾಡುವ ಶ್ರಮ ಇವುಗಳಲ್ಲಿ ಯಾವುದರಿಂದಲಾದರೂ ಈ ರೇಖೆಗಳು ಅಲುಗಬಹುದು. ಸುಳ್ಳಿಗೇ ವಿಶಿಷ್ಟವಾದ, ಸುಳ್ಳಿನಿಂದಲ್ಲದೆ ಬೇರಾವುದರಿಂದಲೂ ಹುಟ್ಟದ ದೇಹಲಕ್ಷಣವೊಂದನ್ನು ಶರೀರಶಾಸ್ತ್ರವು ಇದುವರೆಗೆ ತೋರಿಸಿಕೊಟ್ಟಿಲ್ಲ. ಆದುದರಿಂದ ‘ಸುಳ್ಳುಪತ್ತೆ ಯಂತ್ರ’ ಎಂಬ ಹೆಸರೇ ಒಂದು ಅತಿಶಯೋಕ್ತಿ. ಯಂತ್ರವು ಪತ್ತೆಮಾಡುವುದು ಕಳವಳವನ್ನು. ಆ ಕಳವಳಕ್ಕೆ ಸುಳ್ಳೇ ಕಾರಣವೆಂದು ಹೇಳುವವನು ಯಂತ್ರದ ಪಕ್ಕದಲ್ಲಿ ಕುಳಿತ ಪರೀಕ್ಷಕ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದಾದುದು ಬೆಂಕಿಯಿಲ್ಲದೆಡೆ ಹೊಗೆಯಿಲ್ಲವೆಂಬ ವ್ಯಾಪ್ತಿಯಿಂದ ಮಾತ್ರವೆಂದು ನಮ್ಮ ತರ್ಕಶಾಸ್ತ್ರದ ಮೊದಲನೆಯ ಪಾಠದಲ್ಲಿಯೇ ಇದೆ. ಇಲ್ಲಿ ಆ ವ್ಯಾಪ್ತಿಯೇ ಇಲ್ಲ.

ಯಂತ್ರದ ಇತಿಹಾಸವನ್ನು ಬೆಳೆಸಬೇಕಾದುದಿಲ್ಲ. ಅಮೆರಿಕದ ಮಾರ್ಸ್ಟನ್ ಎಂಬ ಮನಃಶಾಸ್ತ್ರಜ್ಞರು ರಕ್ತದೊತ್ತಡದಿಂದ ಸುಳ್ಳನ್ನು ಕಂಡುಹಿಡಿಯಬಹುದೆಂದು ಸಾರಿದರು. ೧೯೨೧ರಲ್ಲಿ ಬರ್ಕ್ಲಿಯ ಪೋಲೀಸು ಇಲಾಖೆಯಲ್ಲಿದ್ದ ಜಾನ್ ಲಾರ್ಸನ್ ಅವರು ಹಲವು ರೇಖೆಗಳನ್ನು ಒಟ್ಟಿಗೆ ಬರೆಯುವ ಉಪಕರಣವನ್ನು ಕಟ್ಟಿದರು. ಕೀಲರ್ ಎಂಬವರು ಅದನ್ನು ವ್ಯಾಪಾರಕ್ಕೆ ಇಳಿಸಿದರು. ಮಾರ್ಸ್ಟನ್ನರ ಪರೀಕ್ಷೆಯ ಫಲಿತವನ್ನು ಸಾಕ್ಷ್ಯವಾಗಿ ಸ್ವೀಕರಿಸಲು ವಾಷಿಂಗ್ಟನ್ನಿನ ನ್ಯಾಯಾಲಯವೊಂದು ೧೯೨೩ರಲ್ಲಿಯೇ ನಿರಾಕರಿಸಿತು. ಸಂಬಂಧಪಟ್ಟ ಶಾಸ್ತ್ರದಲ್ಲಿ ಸಾಮಾನ್ಯವಾದ ಅಂಗೀಕಾರ ದೊರೆಯದ ವಿಧಾನವು ನ್ಯಾಯಾಲಯದೊಳಕ್ಕೆ ಬರಕೂಡದೆಂಬುದು ಫ್ರೈ ಮೊಕದ್ದಮೆಯ ಆ ತೀರ್ಪಿನ ಸಾರ. ಲಾರ್ಸನ್ನರಂತೂ ತಾವೇ ಕಟ್ಟಿದ ಯಂತ್ರವನ್ನು ಪೋಲೀಸರು ಬಳಸುತ್ತಿದ್ದ ರೀತಿಯನ್ನು ಕಂಡು ಕೊನೆಗಾಲದಲ್ಲಿ ಬಹಳ ನೊಂದುಕೊಂಡರು.

ಯಂತ್ರಕ್ಕಿಂತ ಹೆಚ್ಚಾಗಿ ವಿಚಾರಿಸಬೇಕಾದುದು ಪ್ರಶ್ನೆ ಕೇಳುವ ಪದ್ಧತಿಯನ್ನು. ಕಳವಳವು ಸುಳ್ಳಿನ ಲಕ್ಷಣವಲ್ಲವೆಂಬುದನ್ನು ಪರೀಕ್ಷಕರೂ ಬಲ್ಲರು. ಆದಕಾರಣ ಅವರು ಎರಡು ಬಗೆಯ ಪ್ರಶ್ನೆಗಳನ್ನು ಹೋಲಿಸಿ ನೋಡುತ್ತಾರೆ. ೧೯೪೭ರಲ್ಲಿ ಜಾನ್ ರೀಡ್ ಎಂಬವರು ಪ್ರಚಾರಕ್ಕೆ ತಂದ ಈ ಪದ್ಧತಿಯಲ್ಲಿ ‘ಆ ಪೆಟ್ಟಿಗೆಯಿಂದ ಹಣವನ್ನು ನೀನು ತೆಗೆದೆಯಾ?’ ಎಂಬುದು ಪ್ರಕರಣದ ಪ್ರಶ್ನೆ. ‘ಎಂದಾದರೂ ಪರರ ಸ್ವತ್ತನ್ನು ಕೇಳದೆ ತೆಗೆದುಕೊಂಡಿದ್ದೀಯಾ?’ ಎಂಬುದು ಹೋಲಿಕೆಯ ಪ್ರಶ್ನೆ. ನಿರ್ದೋಷಿಯು ಎರಡನೆಯದಕ್ಕೆ ಹೆಚ್ಚು ಅಳುಕುತ್ತಾನೆ, ದೋಷಿಯು ಮೊದಲನೆಯದಕ್ಕೆ ಹೆಚ್ಚು ಅಳುಕುತ್ತಾನೆ ಎಂಬುದು ಇದರ ಆಧಾರ. ಆದರೆ ಕೊಲೆಯ ಆಪಾದನೆ ಹೊತ್ತು ಠಾಣೆಯಲ್ಲಿ ಎರಡು ರಾತ್ರಿ ಕಳೆದು ಬಂದ ನಿರ್ದೋಷಿಯು ‘ನೀನು ಕೊಂದೆಯಾ?’ ಎಂಬ ಮಾತಿಗಿಂತ ‘ಬಾಲ್ಯದಲ್ಲಿ ಸುಳ್ಳು ಹೇಳಿದ್ದೆಯಾ?’ ಎಂಬ ಮಾತಿಗೆ ಹೆಚ್ಚು ಬೆಚ್ಚುವನೆಂದು ನಂಬಲು ಯಾವ ಆಧಾರವಿದೆ? ನೇಣಿನ ನೆರಳು ಯಾವ ಪ್ರಶ್ನೆಯ ಹಿಂದಿದೆಯೆಂಬುದನ್ನು ದೋಷಿಯಷ್ಟೇ ಚೆನ್ನಾಗಿ ನಿರ್ದೋಷಿಯೂ ತಿಳಿದಿರುತ್ತಾನೆ.

ಇದನ್ನು ನಮ್ಮ ಸೀಮೆಗೆ ತಂದು ನೋಡಿದರೆ ತೊಡಕು ಇನ್ನೂ ಗಂಭೀರವಾಗುತ್ತದೆ. ಹೋಲಿಕೆಯ ಪ್ರಶ್ನೆಯು ಕೆಲಸ ಮಾಡಬೇಕಾದರೆ ಅದು ಉತ್ತರಿಸುವವನ ಅಂತಃಕರಣವನ್ನು ಚುಚ್ಚಬೇಕು. ಯಾವುದು ಚುಚ್ಚುತ್ತದೆಂಬುದು ಅವನ ಭಾಷೆ, ಕಸುಬು, ನಡವಳಿಕೆಗಳನ್ನು ಅವಲಂಬಿಸಿದೆ. ಸಿಂಧನೂರು ತಾಲ್ಲೂಕೊಂದನ್ನೇ ತೆಗೆದುಕೊಳ್ಳಿ. ಊರೊಳಗೆ ಕನ್ನಡ, ಉರ್ದು. ಕಾಲುವೆಯ ಬದಿಯ ಕ್ಯಾಂಪುಗಳಲ್ಲಿ ತೆಲುಗು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಕ್ಯಾಂಪುಗಳಲ್ಲಿ ಬಂಗಾಳಿ. ಲಿಂಗಸುಗೂರಿನ ಕಡೆ ಸಾಗಿದರೆ ತಾಂಡಾಗಳಲ್ಲಿ ಲಂಬಾಣಿ. ‘ಪರರ ಸ್ವತ್ತು’ ಎಂಬ ಗ್ರಂಥಸ್ಥ ಮಾತು ಇವರೆಲ್ಲರಿಗೂ ಒಂದೇ ಅರ್ಥವನ್ನು ಕೊಡುವುದಿಲ್ಲ. ಸುಗ್ಗಿಯಲ್ಲಿ ಕೊಯ್ದ ಹೊಲದ ಹಕ್ಕಲನ್ನು ಆಯ್ದು ಮನೆಗೆ ಒಯ್ದ ಕೂಲಿಯ ಹೆಂಗಸು ಅದನ್ನು ಕಳವೆಂದು ಎಣಿಸುವುದೇ ಇಲ್ಲ. ಅದು ಅವಳಿಗೆ ನಡೆದುಬಂದ ಹಕ್ಕು. ಹೋಲಿಕೆಯ ಪ್ರಶ್ನೆಗೆ ಅವಳು ‘ಇಲ್ಲ’ ಎಂದು ನಿರಾತಂಕವಾಗಿ ಹೇಳುತ್ತಾಳೆ, ರೇಖೆ ಅಲುಗುವುದಿಲ್ಲ. ಪ್ರಕರಣದ ಪ್ರಶ್ನೆ ಬಂದಾಗ ಪೋಲೀಸರ ಭಯದಿಂದ ರೇಖೆ ಏಳುತ್ತದೆ. ಎರಡನ್ನೂ ಹೋಲಿಸಿದ ಪರೀಕ್ಷಕನು ಅವಳನ್ನು ದೋಷಿಯೆಂದು ಬರೆಯುತ್ತಾನೆ. ಅವಳ ಶುದ್ಧವಾದ ಅಂತಃಕರಣವೇ ಅವಳಿಗೆ ಮುಳುವಾಯಿತು! ಇದಕ್ಕೆ ಪ್ರತಿಯಾಗಿ, ಪಳಗಿದ ಅಪರಾಧಿಯು ಹೋಲಿಕೆಯ ಪ್ರಶ್ನೆ ಬಂದಾಗ ನಾಲಗೆಯನ್ನು ಕಚ್ಚಿಯೋ, ಕಾಲ ಬೆರಳನ್ನು ನೆಲಕ್ಕೆ ಒತ್ತಿಯೋ, ಮನಸ್ಸಿನಲ್ಲಿ ಲೆಕ್ಕ ಮಾಡಿಯೋ ಅಲ್ಲಿಯ ರೇಖೆಯನ್ನು ಎತ್ತರಿಸಿ ಪಾರಾಗಬಹುದು. ಇದನ್ನು ಕಲಿಯುವುದು ಕಷ್ಟವಲ್ಲ.

ಇಷ್ಟಾದರೂ ಪರೀಕ್ಷೆಯ ಪಕ್ಷದವರು ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ನಿಖರತೆಯನ್ನು ಹೇಳಿಕೊಳ್ಳುತ್ತಾರೆ. ಈ ಅಂಕಿ ಎಲ್ಲಿಂದ ಬಂತೆಂಬುದನ್ನು ನಿದಾನವಾಗಿ ನೋಡಬೇಕು. ಏಕೆಂದರೆ ವಿಷಯದ ಮರ್ಮವೆಲ್ಲ ಇಲ್ಲಿಯೇ ಅಡಗಿದೆ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಚಿನ್ನದ ಕೆಲಸದವನು ತನ್ನ ಒರೆಗಲ್ಲಿನ ಮೇಲೆ ಸಂಶಯ ಬಂದರೆ ಏನು ಮಾಡುತ್ತಾನೆ? ಶುದ್ಧತೆಯನ್ನು ಬೇರೆ ಮಾರ್ಗದಿಂದ ಮೊದಲೇ ನಿಶ್ಚಯಿಸಿದ ಚಿನ್ನವನ್ನು ಅದರ ಮೇಲೆ ಉಜ್ಜಿ ನೋಡುತ್ತಾನೆ. ಒರೆಗಲ್ಲಿನ ಯೋಗ್ಯತೆಯನ್ನು ಅದೇ ಒರೆಗಲ್ಲಿನಿಂದ ತೀರ್ಮಾನಿಸುವಷ್ಟು ದಡ್ಡ ಅಕ್ಕಸಾಲಿಗನು ಯಾವ ಊರಿನಲ್ಲಿಯೂ ಇರಲಾರ. ಸುಳ್ಳುಪತ್ತೆ ಪರೀಕ್ಷೆಯಲ್ಲಿ ಇಂತಹ ಗೊತ್ತಿರುವ ಚಿನ್ನವೆಂದರೆ ಯಾವುದು? ನಿಜವಾದ ಪ್ರಕರಣಗಳಲ್ಲಿ ಯಾರು ದೋಷಿ, ಯಾರು ಅಲ್ಲವೆಂಬುದು ಪರೀಕ್ಷೆಯನ್ನು ಬಿಟ್ಟು ಸ್ವತಂತ್ರವಾಗಿ ತಿಳಿದಿರಬೇಕು. ಹೆಚ್ಚಿನ ಅಧ್ಯಯನಗಳು ಇದಕ್ಕೆ ನೆಚ್ಚಿಕೊಂಡುದು ತಪ್ಪೊಪ್ಪಿಗೆಯನ್ನು. ತಪ್ಪೊಪ್ಪಿಗೆ ದೊರೆತ ಪ್ರಕರಣಗಳನ್ನು ಕಡತದಿಂದ ಆರಿಸಿ, ಅವುಗಳಲ್ಲಿ ಯಂತ್ರದ ಮಾತು ಎಷ್ಟು ಸಲ ಸರಿಯಾಗಿತ್ತೆಂದು ಎಣಿಸಿದರು. ಆದರೆ ತಪ್ಪೊಪ್ಪಿಗೆ ದೊರೆಯುವುದು ಹೇಗೆ? ಯಾರ ರೇಖೆ ಏರಿತೋ ಅವನನ್ನು ‘ಯಂತ್ರವೇ ಹೇಳಿಬಿಟ್ಟಿದೆ, ಇನ್ನು ಬಚ್ಚಿಟ್ಟು ಫಲವಿಲ್ಲ’ ಎಂದು ಒತ್ತಾಯಿಸುವುದರಿಂದ. ಯಾರ ರೇಖೆ ಏರಲಿಲ್ಲವೋ ಅವನನ್ನು ಯಾರೂ ಹಾಗೆ ಒತ್ತಾಯಿಸುವುದಿಲ್ಲ.

ಇದರ ಪರಿಣಾಮವನ್ನು ಗಮನಿಸಿರಿ. ದೋಷಿಯೊಬ್ಬನು ಪರೀಕ್ಷೆಯಲ್ಲಿ ಪಾರಾದನೆನ್ನೋಣ. ಅವನು ಮನೆಗೆ ಹೋಗುತ್ತಾನೆ, ಒಪ್ಪಿಕೊಳ್ಳುವುದಿಲ್ಲ, ಪ್ರಕರಣ ಮುಗಿಯುವುದಿಲ್ಲ, ಆದಕಾರಣ ಅದು ಎಣಿಕೆಗೂ ಬರುವುದಿಲ್ಲ. ನಿರ್ದೋಷಿಯೊಬ್ಬನು ಪರೀಕ್ಷೆಯಲ್ಲಿ ಸೋತು, ಒತ್ತಾಯಕ್ಕೆ ಬಗ್ಗದೆ ‘ನಾನು ಮಾಡಿಲ್ಲ’ ಎಂದೇ ನಿಂತನೆನ್ನೋಣ. ತಪ್ಪೊಪ್ಪಿಗೆಯಿಲ್ಲ, ಅದೂ ಎಣಿಕೆಗೆ ಬರುವುದಿಲ್ಲ. ಅದೇ ನಿರ್ದೋಷಿಯು ಒತ್ತಾಯಕ್ಕೆ ಬಗ್ಗಿ ಮಾಡದ ತಪ್ಪನ್ನು ಒಪ್ಪಿಕೊಂಡರೆ ಅದು ಎಣಿಕೆಗೆ ಬರುತ್ತದೆ, ಆದರೆ ಯಂತ್ರದ ಗೆಲುವಾಗಿ! ಹೀಗೆ ಯಂತ್ರದ ತಪ್ಪುಗಳು ತಾವಾಗಿಯೇ ಕಡತದಿಂದ ಜಾರಿಹೋಗುತ್ತವೆ, ಸರಿಯಾದುವು ಮಾತ್ರ ಉಳಿಯುತ್ತವೆ. ಅಮೆರಿಕದ ಮನಃಶಾಸ್ತ್ರಜ್ಞರಾದ ಡೇವಿಡ್ ಲಿಕೆನ್, ವಿಲಿಯಂ ಐಯಕೋನೊ ಮೊದಲಾದವರು ಈ ವೃತ್ತದೋಷವನ್ನು ಎತ್ತಿ ತೋರಿಸಿದ್ದಾರೆ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಂದ ಹುಸಿ ಕಳವನ್ನು ಮಾಡಿಸಿ ಪರೀಕ್ಷಿಸಿದರೆ ಈ ದೋಷವಿರುವುದಿಲ್ಲ, ನಿಜ. ಆದರೆ ಅಲ್ಲಿ ಯಾರಿಗೂ ಸೆರೆಮನೆಯ ಭಯವಿಲ್ಲ, ಯಾವ ಭಯವನ್ನು ಅಳೆಯಬೇಕೋ ಅದೇ ಅಲ್ಲಿಲ್ಲ.

೨೦೦೩ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯು ಈ ವಿಷಯದಲ್ಲಿ ಪ್ರಕಟಿಸಿದ ವರದಿಯು ಇಂದಿಗೂ ಮುಖ್ಯವಾದ ಆಧಾರ. ನೂರಾರು ಅಧ್ಯಯನಗಳನ್ನು ಜಾಲಾಡಿ, ಕನಿಷ್ಠ ಯೋಗ್ಯತೆಯುಳ್ಳವೆಂದು ೫೭ನ್ನು ಮಾತ್ರ ಉಳಿಸಿಕೊಂಡು ಮಂಡಲಿಯು ಅಭಿಪ್ರಾಯ ಕೊಟ್ಟಿತು. ವಿಮರ್ಶಕನು ಇಲ್ಲಿ ಪ್ರಾಮಾಣಿಕನಾಗಿರಬೇಕು: ನಿರ್ದಿಷ್ಟವಾದ ಒಂದು ಘಟನೆಯನ್ನು ಕುರಿತು, ವಂಚನೆಯ ತರಬೇತಿಯಿಲ್ಲದವರನ್ನು ಪರೀಕ್ಷಿಸಿದಾಗ ಯಂತ್ರವು ಕುರುಡು ಊಹೆಗಿಂತ ಬಹಳ ಮೇಲೂ, ಪರಿಪೂರ್ಣತೆಗಿಂತ ಬಹಳ ಕೆಳಗೂ ಇರುತ್ತದೆಂದು ಆ ವರದಿ ಹೇಳಿತು. ಆದುದರಿಂದ ಯಂತ್ರವು ನಾಣ್ಯ ಚಿಮ್ಮಿದಂತೆ ಎಂಬ ಮಾತು ಸರಿಯಲ್ಲ. ಆದರೆ ಅದೇ ವರದಿಯು ಅಧ್ಯಯನಗಳ ಗುಣಮಟ್ಟ ಕೆಳಮಟ್ಟದ್ದೆಂದೂ, ಅವುಗಳ ನಿಖರತೆಯ ಅಂಕಿ ವಾಸ್ತವಕ್ಕಿಂತ ಹೆಚ್ಚಾಗಿರಬಹುದೆಂದೂ, ಪರೀಕ್ಷೆಯ ಹಿಂದೆ ಗಟ್ಟಿಯಾದ ಸಿದ್ಧಾಂತವಿಲ್ಲವೆಂದೂ ಹೇಳಿತು. ಹತ್ತು ಸಾವಿರ ನೌಕರರಲ್ಲಿ ಹತ್ತು ಮಂದಿ ಗೂಢಚಾರರಿದ್ದಾರೆಂದು ಇಟ್ಟುಕೊಂಡು, ಅವರಲ್ಲಿ ಎಂಟು ಮಂದಿಯನ್ನಾದರೂ ಹಿಡಿಯುವಂತೆ ಪರೀಕ್ಷೆಯನ್ನು ಅಳವಡಿಸಿದರೆ ಆ ಎಂಟು ಮಂದಿಯ ಜೊತೆಗೆ ೧,೫೯೮ ನಿಷ್ಠಾವಂತರೂ ಸಿಕ್ಕಿಬೀಳುವರೆಂದು ಅದು ಲೆಕ್ಕ ಹಾಕಿತು.

ಈ ಲೆಕ್ಕದ ತಿರುಳನ್ನು ತರಗತಿಯಲ್ಲಿ ಹೇಳಬೇಕಾದರೆ ಚಿಕ್ಕ ಉದಾಹರಣೆ ಸಾಕು. ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ನೂರು ಮಂದಿ ಕೆಲಸಗಾರರಿದ್ದು, ಒಬ್ಬನು ಹಣ ಕದ್ದಿದ್ದಾನೆಂದು ಕಲ್ಪಿಸಿಕೊಳ್ಳಿ. ಪರೀಕ್ಷೆಯು ನೂರು ದೋಷಿಗಳಲ್ಲಿ ತೊಂಬತ್ತು ಮಂದಿಯನ್ನು ಹಿಡಿಯುತ್ತದೆ, ನೂರು ನಿರ್ದೋಷಿಗಳಲ್ಲಿ ಹತ್ತು ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ ಎಂದು ಉದಾರವಾಗಿಯೇ ಒಪ್ಪಿಕೊಳ್ಳೋಣ. ತೊಂಬತ್ತೊಂಬತ್ತು ನಿರ್ದೋಷಿಗಳಲ್ಲಿ ಸುಮಾರು ಹತ್ತು ಮಂದಿ ಸೋಲುತ್ತಾರೆ. ಕಳ್ಳನೂ ಬಹುಶಃ ಸೋಲುತ್ತಾನೆ. ಸೋತ ಹನ್ನೊಂದು ಮಂದಿಯಲ್ಲಿ ಕಳ್ಳನು ಒಬ್ಬನೇ. ‘ತೊಂಬತ್ತರಷ್ಟು ನಿಖರ’ವಾದ ಪರೀಕ್ಷೆಯಲ್ಲಿ ಸೋತವನೊಬ್ಬನು ನಿರ್ದೋಷಿಯಾಗಿರುವ ಸಂಭವವೂ ಸರಿಸುಮಾರು ತೊಂಬತ್ತರಷ್ಟೇ ಆಯಿತು! ಬೇರೆ ಪುರಾವೆಗಳಿಂದ ಸಂಶಯವು ಮೊದಲೇ ಇಬ್ಬರಿಗೆ ಇಳಿದಿದ್ದರೆ ಫಲಿತಾಂಶ ಉತ್ತಮವಾಗುತ್ತದೆಂಬುದು ಸರಿ. ಆದರೆ ಆಗ ಆ ಉತ್ತಮಿಕೆ ಬಂದುದು ಬೇರೆ ಪುರಾವೆಗಳಿಂದ. ಕೀರ್ತಿ ಮಾತ್ರ ಯಂತ್ರಕ್ಕೆ.

ತನಿಖಾಧಿಕಾರಿಗಳ ಒಂದು ವಾದವನ್ನು ಇಲ್ಲಿ ಕೇಳಬೇಕು. ಪರೀಕ್ಷೆಯು ಸಾಕ್ಷ್ಯಕ್ಕಾಗಿ ಅಲ್ಲ, ತನಿಖೆಗೆ ದಿಕ್ಕು ತೋರಿಸುವುದಕ್ಕಾಗಿ, ಸಂಶಯಿತರ ಪಟ್ಟಿಯನ್ನು ಕಿರಿದುಗೊಳಿಸುವುದಕ್ಕಾಗಿ ಎಂದು ಅವರು ಹೇಳುತ್ತಾರೆ. ದಿಕ್ಕು ತಪ್ಪಿಸುವ ದಿಕ್ಸೂಚಿಯು ದಿಕ್ಸೂಚಿಯಿಲ್ಲದಿರುವುದಕ್ಕಿಂತ ಕೇಡು. ಅಮೆರಿಕದ ಗ್ಯಾರಿ ರಿಡ್ಜ್‌ವೇ ಎಂಬವನು ೧೯೮೪ರಲ್ಲಿ ಪಾಲಿಗ್ರಾಫಿನಲ್ಲಿ ಪಾರಾದನು. ೨೦೦೧ರಲ್ಲಿ ಬಂಧಿತನಾಗಿ, ೨೦೦೩ರಲ್ಲಿ ೪೮ ಕೊಲೆಗಳನ್ನು ಒಪ್ಪಿಕೊಂಡನು. ಅಲ್ಲಿಯ ಗುಪ್ತಚರ ಸಂಸ್ಥೆಯೊಳಗಿದ್ದು ಸೋವಿಯೆತ್ ಒಕ್ಕೂಟಕ್ಕೆ ರಹಸ್ಯಗಳನ್ನು ಮಾರುತ್ತಿದ್ದ ಆಲ್ಡ್ರಿಚ್ ಏಮ್ಸ್ ೧೯೮೬ರಲ್ಲಿಯೂ ೧೯೯೧ರಲ್ಲಿಯೂ ಎರಡು ಸಲ ಪಾರಾಗಿ, ೧೯೯೪ರಲ್ಲಿ ಮಾತ್ರ ಸಿಕ್ಕಿಬಿದ್ದನು. ಖಾಸಗಿ ಉದ್ಯೋಗದಾತರು ನೌಕರರನ್ನು ಈ ಯಂತ್ರಕ್ಕೆ ಒಡ್ಡುವುದನ್ನು ೧೯೮೮ರಲ್ಲಿ ಆ ದೇಶವೇ ಕಾನೂನಿನ ಮೂಲಕ ಬಹುಮಟ್ಟಿಗೆ ನಿಷೇಧಿಸಿತು. ಲಿಕೆನ್ ಅವರು ೧೯೫೯ರಲ್ಲಿ ಸೂಚಿಸಿದ ಇನ್ನೊಂದು ಪದ್ಧತಿ, ಅಪರಾಧಿಗೆ ಮಾತ್ರ ತಿಳಿದಿರಬಹುದಾದ ವಿವರವನ್ನು ಗುರುತಿಸುವನೇ ಎಂದು ನೋಡುವುದು, ತಾರ್ಕಿಕವಾಗಿ ಇದಕ್ಕಿಂತ ಎಷ್ಟೋ ಮೇಲು. ಆದರೆ ಬೆಳಿಗ್ಗೆ ನಡೆದ ಕಳವಿನ ಸಮಸ್ತ ವಿವರಗಳೂ ಸಂಜೆಯೊಳಗೆ ಚಹದಂಗಡಿಯ ಮಾತಾಗುವ ನಮ್ಮ ಪೇಟೆಗಳಲ್ಲಿ ‘ಅಪರಾಧಿಗೆ ಮಾತ್ರ ತಿಳಿದ ವಿವರ’ ಎಂಬುದು ಎಷ್ಟು ಉಳಿದೀತು?

ಈಗ ತೀರ್ಪಿಗೆ ಮರಳೋಣ. ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲಣ ಸಂಗತಿಗಳು ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ರಾಷ್ಟ್ರೀಯ ಸಂಶೋಧನಾ ಮಂಡಲಿಯ ವರದಿಯನ್ನೂ, ಫ್ರೈ ತೀರ್ಪನ್ನೂ, ಪಾಲಿಗ್ರಾಫಿನ ವಿಶ್ವಾಸಾರ್ಹತೆಯಲ್ಲಿ ಒಮ್ಮತವಿಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೯೮ರ ಶೆಫರ್ ಮೊಕದ್ದಮೆಯಲ್ಲಿ ಹೇಳಿದುದನ್ನೂ ತೀರ್ಪಿನ ಪುಟಗಳಲ್ಲಿ ಚರ್ಚಿಸಲಾಗಿದೆ. ಆದರೆ ಚರ್ಚೆಯು ತೀರ್ಮಾನಕ್ಕೆ ಇಳಿಯಲಿಲ್ಲ. ತೀರ್ಮಾನವು ನಿಂತುದು ಯಾರನ್ನೂ ತನಗೆ ವಿರುದ್ಧವಾಗಿ ಸಾಕ್ಷಿಯಾಗುವಂತೆ ಬಲಾತ್ಕರಿಸಕೂಡದೆಂಬ ಸಂವಿಧಾನದ ೨೦ನೆಯ ವಿಧಿಯ ಮೂರನೆಯ ಖಂಡದ ಮೇಲೆ, ಮತ್ತು ೨೧ನೆಯ ವಿಧಿಯ ವ್ಯಕ್ತಿಸ್ವಾತಂತ್ರ್ಯದ ಮೇಲೆ. ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೦೪ರಲ್ಲಿ ಬಲವಂತದ ಪರೀಕ್ಷೆಗೂ ಅವಕಾಶವಿದೆಯೆಂದಿದ್ದುದನ್ನು ನೆನೆದರೆ ಈ ತೀರ್ಮಾನದ ಬೆಲೆ ಸಣ್ಣದಲ್ಲ. ಸಮ್ಮತಿಯಿಂದ ನಡೆದ ಪರೀಕ್ಷೆಯ ಫಲಿತವೂ ತಾನೇ ಸಾಕ್ಷ್ಯವಾಗಲಾರದೆಂದೂ ನ್ಯಾಯಾಲಯ ಹೇಳಿತು. ಆದರೆ ಅದಕ್ಕೆ ಕೊಟ್ಟ ಕಾರಣವನ್ನು ನೋಡಿರಿ: ಪರೀಕ್ಷೆಯ ವೇಳೆ ಉತ್ತರಗಳ ಮೇಲೆ ವ್ಯಕ್ತಿಗೆ ಪ್ರಜ್ಞಾಪೂರ್ವಕವಾದ ಹತೋಟಿ ಇರುವುದಿಲ್ಲವೆಂಬುದು ಆ ಕಾರಣ. ಫಲಿತವು ಸುಳ್ಳಾಗಿರಬಹುದೆಂಬುದಲ್ಲ. ಈ ಕಾರಣವು ಯಂತ್ರಕ್ಕೆ ಗೌರವವನ್ನೇ ತರುತ್ತದೆ. ಮನುಷ್ಯನ ಇಚ್ಛೆಯನ್ನು ಮೀರಿ ಅವನೊಳಗಿನ ಸತ್ಯವನ್ನು ಹೊರಗೆಳೆಯುವ ಶಕ್ತಿ ಅದಕ್ಕಿದೆಯೆಂಬಂತೆ!

ಮುಂದುವರಿದು, ಒಪ್ಪಿಗೆಯಿಂದ ನಡೆದ ಪರೀಕ್ಷೆಯ ನೆರವಿನಿಂದ ಆಮೇಲೆ ಪತ್ತೆಯಾದ ವಸ್ತುವನ್ನಾಗಲಿ ಮಾಹಿತಿಯನ್ನಾಗಲಿ ಸಾಕ್ಷ್ಯ ಅಧಿನಿಯಮದ ೨೭ನೆಯ ಪ್ರಕರಣದ ಮೇರೆಗೆ ಸ್ವೀಕರಿಸಬಹುದೆಂದು ತೀರ್ಪು ಹೇಳಿತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಆ ನಿಯಮವು ೨೩ನೆಯ ಪ್ರಕರಣದ ಭಾಗವಾಗಿ ಉಳಿದಿದೆ. ೨೦೨೫ರ ಜೂನಿನಲ್ಲಿ ಬಿಹಾರದಿಂದ ಬಂದ ಅಪೀಲೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಸೆಲ್ವಿ ತೀರ್ಪನ್ನೇ ಎತ್ತಿಹಿಡಿದು, ಮಂಪರು ಪರೀಕ್ಷೆಯನ್ನು ತಾನಾಗಿ ಕೇಳಿ ಪಡೆಯುವ ನಿರಪೇಕ್ಷವಾದ ಹಕ್ಕು ಆಪಾದಿತನಿಗೂ ಇಲ್ಲವೆಂದು ಸ್ಪಷ್ಟಪಡಿಸಿತು. ಈ ಎಲ್ಲದರಲ್ಲಿಯೂ ಪ್ರಶ್ನೆಯು ಇಚ್ಛೆಯ ಸುತ್ತಲೇ ತಿರುಗುತ್ತದೆ. ಪ್ರಾಮಾಣ್ಯದ ಪ್ರಶ್ನೆಯು ಬಾಗಿಲ ಹೊರಗೇ ನಿಂತಿದೆ. ನ್ಯಾಯಾಲಯವು ಸಂವಿಧಾನವನ್ನು ವ್ಯಾಖ್ಯಾನಿಸಬೇಕೇ ಹೊರತು ವಿಜ್ಞಾನಸಭೆಯಂತೆ ವರ್ತಿಸಬಾರದೆಂದು ಯಾರಾದರೂ ಹೇಳಬಹುದು. ಆದರೆ ತಜ್ಞರ ಅಭಿಪ್ರಾಯವನ್ನು ಸ್ವೀಕರಿಸುವ ಮುನ್ನ ಅದು ಶಾಸ್ತ್ರವೇ ಅಲ್ಲವೇ ಎಂದು ನೋಡುವುದು ಸಾಕ್ಷ್ಯಶಾಸ್ತ್ರದ ಹಳೆಯ ಕರ್ತವ್ಯ. ಬೆರಳಚ್ಚಿಗೂ ಕೈಬರಹಕ್ಕೂ ಅನ್ವಯಿಸುವ ಆ ಕರ್ತವ್ಯವು ಪಾಲಿಗ್ರಾಫಿನ ಮುಂದೆ ಏಕೆ ಸುಮ್ಮನಾಗಬೇಕು? ನಮ್ಮ ರಾಜ್ಯದಲ್ಲಿಯೇ ಇದಕ್ಕೆ ಮಾದರಿಯಿದೆ. ಸೆಲ್ವಿ ತೀರ್ಪಿನ ಮೂರು ಪರೀಕ್ಷೆಗಳಲ್ಲಿ ಒಂದಾದ ಮೆದುಳಿನ ಪರೀಕ್ಷೆಯನ್ನು ಬೆಂಗಳೂರಿನ ನಿಮ್ಹಾನ್ಸಿನ ನಿರ್ದೇಶಕರಾಗಿದ್ದ ಡಿ. ನಾಗರಾಜ ಅವರ ಅಧ್ಯಕ್ಷತೆಯ ಸಮಿತಿಯು ೨೦೦೮ರಲ್ಲಿ ಪರಿಶೀಲಿಸಿ, ಅದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ನೇರವಾಗಿ ಹೇಳಿತು. ಸಮ್ಮತಿಯಿತ್ತೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿ ಏಳಲೇ ಇಲ್ಲ.

ಸಮ್ಮತಿಯು ಸತ್ಯಕ್ಕೆ ಬದಲಿಯಾಗಲಾರದೆಂಬುದಕ್ಕೆ ಅಮೆರಿಕದ ಓಹಾಯೋ ಪ್ರಾಂತದ ಫ್ಲಾಯ್ಡ್ ಫೇ ಎಂಬವನ ಕಥೆಗಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ. ೧೯೭೮ರ ಕೊಲೆಯೊಂದರಲ್ಲಿ ಆಪಾದಿತನಾದ ಅವನು ತಾನು ನಿರ್ದೋಷಿಯೆಂಬ ಧೈರ್ಯದಿಂದಲೇ ಪಾಲಿಗ್ರಾಫಿಗೆ ಒಪ್ಪಿದನು. ಸೋತರೆ ಫಲಿತವನ್ನು ತನ್ನ ವಿರುದ್ಧ ಬಳಸಬಹುದೆಂದೂ ಒಪ್ಪಿದನು. ಸೋತನು, ಜೀವಾವಧಿ ಶಿಕ್ಷೆಯಾಯಿತು. ಎರಡು ವರ್ಷಗಳಿಗೂ ಮೇಲ್ಪಟ್ಟು ಸೆರೆಯಲ್ಲಿ ಕಳೆದ ಮೇಲೆ ನಿಜವಾದ ಅಪರಾಧಿಗಳು ತಿಳಿದುಬಂದು ಬಿಡುಗಡೆಯಾದನು. ಸೆರೆಯಲ್ಲಿದ್ದಾಗ ಅವನು ಪಾಲಿಗ್ರಾಫಿನ ವಿಷಯವನ್ನೆಲ್ಲ ಓದಿ, ತಪ್ಪು ಮಾಡಿರುವುದಾಗಿ ತನ್ನೊಡನೆ ಒಪ್ಪಿಕೊಂಡಿದ್ದ ೨೭ ಮಂದಿ ಸಹಕೈದಿಗಳಿಗೆ ಸ್ವಲ್ಪ ಹೊತ್ತು ಪಾಠ ಹೇಳಿದನು. ಅವರಲ್ಲಿ ೨೩ ಮಂದಿ ಯಂತ್ರವನ್ನು ವಂಚಿಸಿದರು. ಫೇಯ ಸಮ್ಮತಿಯಲ್ಲಿ ಬಲಾತ್ಕಾರದ ಲೇಶವೂ ಇರಲಿಲ್ಲ. ಸೆಲ್ವಿ ತೀರ್ಪಿನ ಅಳತೆಗೋಲಿನಿಂದ ಅವನ ಪರೀಕ್ಷೆಯು ನಿರ್ದುಷ್ಟವಾದುದು.

ನಮ್ಮಲ್ಲಿ ಸಮ್ಮತಿಯೆಂಬುದಾದರೂ ಎಷ್ಟು ಸ್ವತಂತ್ರ? ‘ನೀನು ಸಾಚಾ ಆಗಿದ್ದರೆ ಹೆದರಿಕೆ ಏಕೆ?’ ಎಂಬ ಒಂದು ಮಾತು ಸಾಕು. ಒಪ್ಪದವನನ್ನು ಕಾನೂನು ದಂಡಿಸುವುದಿಲ್ಲ, ಊರು ದಂಡಿಸುತ್ತದೆ. ‘ಪರೀಕ್ಷೆಗೆ ನಿರಾಕರಣೆ’ ಎಂಬ ತಲೆಬರಹವನ್ನು ಓದಿದ ನೆರೆಯವರು ಆ ದಿನವೇ ತೀರ್ಪು ಕೊಟ್ಟುಬಿಡುತ್ತಾರೆ. ಗುಡಿಯ ಮುಂದೆ ಕರ್ಪೂರ ಆರಿಸಿ ಆಣೆ ಮಾಡೆಂದಾಗ ಹಿಂಜರಿದವನನ್ನು ಕಳ್ಳನೆನ್ನುವ ಮನೋಭಾವವೇ ಇದು.

ಹಳೆಯ ದಿವ್ಯಗಳೊಡನೆ ಈ ಯಂತ್ರವನ್ನು ಹೋಲಿಸುವುದು ವಾಡಿಕೆಯಾಗಿದೆ. ಆದರೆ ಹೋಲಿಕೆಯನ್ನು ಎಚ್ಚರದಿಂದ ಮಾಡಬೇಕು, ಏಕೆಂದರೆ ಅದರಲ್ಲಿ ಸೋಲುವುದು ಯಾವಾಗಲೂ ಹಳೆಯ ಪಕ್ಷವಲ್ಲ. ನಮ್ಮ ನೆರೆಯ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ತುಲೆ, ಅಗ್ನಿ, ಜಲ, ವಿಷ, ಕೋಶಗಳೆಂಬ ದಿವ್ಯಗಳನ್ನು ವಿವರಿಸಿದ್ದಾನೆ. ಗೋವೆಯ ಕದಂಬರ ಕಾಲದ ಕಿತ್ತೂರಿನ ಶಾಸನದಲ್ಲಿ ಕಾಯಿಸಿದ ನೇಗಿಲ ಗುಳವನ್ನು ಹಿಡಿಯುವ ಫಾಲದಿವ್ಯದ ಪ್ರಸಂಗವಿದೆ. ಕಳವಿನ ಸಂಶಯದಲ್ಲಿ ಅಕ್ಕಿಯನ್ನು ಅಗ್ಗಿಯಲು ಕೊಡುವ ತಂಡುಲದಿವ್ಯವನ್ನೂ ಧರ್ಮಶಾಸ್ತ್ರಗಳು ಹೇಳುತ್ತವೆ. ಉಗುಳಿನಲ್ಲಿ ರಕ್ತ ಕಂಡರೆ, ದವಡೆ ಒಣಗಿ ಒಡೆದರೆ, ಮೈ ನಡುಗಿದರೆ ಅವನು ಅಶುದ್ಧ. ಬಾಯಿ ಒಣಗುವುದು, ಮೈ ನಡುಗುವುದು ಎಂದರೆ ಅದೇ ಸ್ವಾಯತ್ತ ನರಮಂಡಲ. ಕಾಗದದ ಮೇಲೆ ರೇಖೆ ಮೂಡುತ್ತಿರಲಿಲ್ಲ, ಅಷ್ಟೇ.

ಆದರೆ ಎರಡು ವಿಷಯಗಳಲ್ಲಿ ಹಳಬರು ನಮಗಿಂತ ಜಾಗರೂಕರಾಗಿದ್ದರು. ಬರಹ, ಭೋಗ, ಸಾಕ್ಷಿ ಈ ಮೂರು ಮಾನುಷ ಪ್ರಮಾಣಗಳಲ್ಲಿ ಯಾವುದೂ ಇಲ್ಲದಾಗ ಮಾತ್ರ ದಿವ್ಯವೆಂದು ಅವರು ವಿಧಿಸಿದರು; ಇಂದು ದೊಡ್ಡ ಪ್ರಕರಣವೊಂದು ನಡೆದ ವಾರದೊಳಗೇ ಪತ್ರಿಕೆಗಳು ಯಂತ್ರವನ್ನು ಕೇಳತೊಡಗುತ್ತವೆ. ಎರಡನೆಯದು ಇನ್ನೂ ಮುಖ್ಯ. ದೊಡ್ಡ ಆಪಾದನೆಗಳಲ್ಲಿ, ಆಪಾದಿತನು ಗೆದ್ದರೆ ದಂಡವನ್ನು ತಾನು ಹೊರುವೆನೆಂದು ಆಪಾದಿಸಿದವನು ಮುಂದೆ ಬಂದಾಗ ಮಾತ್ರ ದಿವ್ಯವನ್ನು ನಡೆಸಬೇಕೆಂಬುದು ಯಾಜ್ಞವಲ್ಕ್ಯನ ನಿಯಮ. ಪರೀಕ್ಷೆಯ ಅಪಾಯವನ್ನು ಎರಡು ಪಕ್ಷಗಳೂ ಹಂಚಿಕೊಳ್ಳುತ್ತಿದ್ದವು. ಇಂದಿನ ಪರೀಕ್ಷೆಯಲ್ಲಿ ಸೋತವನಿಗೆ ಕಳಂಕ. ಯಂತ್ರವೇ ಸೋತಿತೆಂದು ಮುಂದೆ ತಿಳಿದರೆ ಪರೀಕ್ಷಕನಿಗಾಗಲಿ ಇಲಾಖೆಗಾಗಲಿ ಏನೂ ಇಲ್ಲ.

ಅಶೋಕನ ಹೆಸರನ್ನೇ ಹೊತ್ತು ೧೯೧೫ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ನ್ಯಾಯವಿಚಾರಣೆಯ ಮಾತಿಲ್ಲ. ಊರಿನ ಅಭಿಮಾನಕ್ಕಾಗಿ ಅದನ್ನು ಇಲ್ಲಿ ಎಳೆದು ತರುವುದು ಸರಿಯಾಗದು. ಆದರೆ ಅದೇ ಅರಸನು ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ನಗರದ ನ್ಯಾಯಾಧಿಕಾರಿಗಳಿಗೆ ಬರೆಸಿದ ಆಜ್ಞೆಯಲ್ಲಿ, ಕಾರಣವಿಲ್ಲದೆ ಜನರು ಸೆರೆಗೂ ಪೀಡನೆಗೂ ಗುರಿಯಾಗುವುದನ್ನು ಪ್ರಸ್ತಾಪಿಸಿ, ಅಧಿಕಾರಿಗಳನ್ನು ನಿಷ್ಪಕ್ಷಪಾತದಿಂದ ತಪ್ಪಿಸುವ ದೋಷಗಳಲ್ಲಿ ಆತುರವನ್ನೂ ಎಣಿಸಿದ್ದಾನೆ.

ಉಳಿದಿರುವುದು ಕಾರ್ಯರೂಪದ ಪ್ರಶ್ನೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ೨೦೦೦ದಲ್ಲಿ ಹೊರಡಿಸಿದ ಮಾರ್ಗಸೂಚಿಗಳನ್ನು ಸೆಲ್ವಿ ತೀರ್ಪು ಕಡ್ಡಾಯವೆಂದು ಹೇಳಿತು. ಅವುಗಳ ಮೇರೆಗೆ ಆಪಾದಿತನಿಗೆ ವಕೀಲರ ನೆರವು ದೊರೆಯಬೇಕು, ಸಮ್ಮತಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು, ತಾನು ಕೊಡುವ ಹೇಳಿಕೆಯು ಮ್ಯಾಜಿಸ್ಟ್ರೇಟರ ಮುಂದಿನ ತಪ್ಪೊಪ್ಪಿಗೆಯಲ್ಲ, ಪೋಲೀಸರಿಗೆ ಕೊಟ್ಟ ಹೇಳಿಕೆ ಎಂಬುದನ್ನು ಅವನಿಗೆ ತಿಳಿಸಬೇಕು. ಪರೀಕ್ಷೆಯ ದೈಹಿಕ, ಭಾವನಾತ್ಮಕ ಮತ್ತು ಕಾನೂನಿನ ಪರಿಣಾಮಗಳನ್ನು ಪೋಲೀಸರೂ ವಕೀಲರೂ ಅವನಿಗೆ ವಿವರಿಸಬೇಕು. ಈ ಮೂರು ವಿಶೇಷಣಗಳಲ್ಲಿ ಯಂತ್ರವು ತಪ್ಪುವ ಸಂಭವವು ಎಲ್ಲಿಯೂ ಅಡಕವಾಗಿಲ್ಲ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಪಡೆಯುವ ವೈದ್ಯನು ಚಿಕಿತ್ಸೆಯು ವಿಫಲವಾಗುವ ಸಂಭವವನ್ನು ಹೇಳದಿದ್ದರೆ ಆ ಒಪ್ಪಿಗೆಯನ್ನು ನಾವು ಒಪ್ಪಿಗೆಯೆಂದು ಕರೆಯುವುದಿಲ್ಲ. ಲಿಂಗಸುಗೂರಿನ ಅಥವಾ ಸಿಂಧನೂರಿನ ನ್ಯಾಯಾಲಯದ ಕಟಕಟೆಯಲ್ಲಿ ನಿಂತು ‘ನನ್ನ ಅಭ್ಯಂತರವಿಲ್ಲ’ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವನಿಗೆ, ಅವನು ಆಡುವ ಭಾಷೆಯಲ್ಲಿ, ‘ನೀನು ಏನೂ ಮಾಡದಿದ್ದರೂ ಈ ಯಂತ್ರವು ನಿನ್ನನ್ನು ಕಳ್ಳನೆನ್ನಬಹುದು’ ಎಂಬ ಒಂದು ವಾಕ್ಯವನ್ನು ನ್ಯಾಯಾಧೀಶರೇ ಓದಿ ಹೇಳಬೇಕೆಂದು ಮಾರ್ಗಸೂಚಿಗೆ ಸೇರಿಸುವುದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.